ಅವ್ವನ ಕಣ್ಣಳತೆಯ ಟಿವಿ: ಹಡಪಸರದ ಮನೆಗೆ ಫ್ಲ್ಯಾಟ್ ಸ್ಕ್ರೀನ್ ಆರಿಸಿದ್ದು

ಪುಣೆಯ ಹಡಪಸರದಿಂದ ಮಾತಾಡ್ತಾ ಇದೀನಿ. ಹಿಂದೆ ಕೇಳಿಸ್ತಿರೋ ಹಾರ್ನ್ ಸದ್ದು ಸೋಲಾಪುರ ರಸ್ತೆಯದು. ಕಿಟಕಿ ಮುಚ್ಚಿದ್ರೂ ಒಳಗೆ ಬರುತ್ತೆ, ದಯವಿಟ್ಟು ಸ್ವಲ್ಪ ಸಹಿಸ್ಕೊಳ್ರಿ.

ಹಬ್ಬದ ಸೇಲ್ ಶುರುವಾದ್ರೆ ಸಾಕು, ನಮ್ಮ ಆಫೀಸಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಯಾವ ಟಿವಿ ತಗೊಳ್ಲಿ?" ನಾನು ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರಶ್ನೆ ಕೊನೆಗೆ ನನ್ನ ಹತ್ರಾನೇ ಬಂದು ನಿಲ್ಲುತ್ತೆ. ನಾನೂ ಬಹಳ ವರ್ಷ ಹುಮ್ಮಸ್ಸಿನಿಂದ ಉತ್ತರ ಕೊಡ್ತಾ ಇದ್ದೆ. ಈ ಪ್ಯಾನೆಲ್ ನೋಡ್ರಿ, ಇಷ್ಟು ಹರ್ಟ್ಜ್ ಇರ್ಲಿ, ಎಚ್‌ಡಿಆರ್ ಇರ್ಲಿ ಅಂತ. ಆದರೆ ನಮ್ಮ ಮನೆಗೇ ನಾನು ತಪ್ಪು ಟಿವಿ ತಂದಿದ್ದೆ. ಅದು ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು. ಆ ತಪ್ಪಿನ ಜೊತೆಗೆ ಟಿವಿ ಆರಿಸೋ ಲೆಕ್ಕವನ್ನೂ ಇವತ್ತು ಹೇಳ್ತೀನಿ.

2021ರ ದೀಪಾವಳಿಗೆ 55 ಇಂಚಿನ ಒಂದು 4ಕೆ ಟಿವಿ ತಗೊಂಡೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಎರಡು ವರ್ಷದ ಮಗಳು. ನಾವಿಬ್ಬರೂ ಐಟಿಯವರು, ಟಿವಿ ಹಾಕೋದೇ ರಾತ್ರಿ ಒಂಬತ್ತರ ಮೇಲೆ. ಇಂಟರ್ನೆಟ್ ಇದೆ, ಆ್ಯಪ್‌ಗಳಿವೆ, ಸಿನಿಮಾ ನೋಡ್ತೀವಿ, ಕೇಬಲ್ ಯಾಕೆ ಬೇಕು ಅಂತ ಕನೆಕ್ಷನ್ ತಗೊಳ್ಳಲೇ ಇಲ್ಲ. ಟಿವಿಯನ್ನ ಗೋಡೆ ಮೇಲೆ ಎತ್ತರಕ್ಕೆ ಹಾಕಿಸಿದೆ. ಕೆಳಗೆ ಚಂದದ ಕಟ್ಟಿಗೆಯ ಯುನಿಟ್ ಮಾಡಿಸಿದ್ವಿ. ಬಂದವರೆಲ್ಲ ಹೊಗಳಿದ್ರು.

2024ರ ಮಾರ್ಚ್‌ನಲ್ಲಿ ಗದಗಿನಲ್ಲಿ ಅಪ್ಪ ತೀರಿಕೊಂಡ್ರು. ಪ್ರೈಮರಿ ಶಾಲೆ ಮಾಸ್ತರ ಆಗಿದ್ದವರು. ಜುಲೈನಲ್ಲಿ ಅವ್ವನನ್ನ ಹಡಪಸರಕ್ಕೆ ಕರ್ಕೊಂಡು ಬಂದೆ. ಒಬ್ಬಳೇ ಇರೋದು ಬೇಡ ಅಂತ ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು. ಮನೆ ದೊಡ್ಡದು, ಲಿಫ್ಟ್ ಇದೆ, ಕೆಳಗೆ ಗಾರ್ಡನ್ ಇದೆ, ಮೊಮ್ಮಗಳಿದಾಳೆ. ಇನ್ನೇನು ಬೇಕು ಅಂದುಕೊಂಡೆ.

ಬೆಳಿಗ್ಗೆ ಎಂಟೂವರೆಗೆ ಮಗಳ ಶಾಲೆ ಬಸ್ಸು ಹೋಗುತ್ತೆ. ಒಂಬತ್ತೂವರೆಗೆ ನಾನು ಮಗರಪಟ್ಟಾ ಕಡೆ, ಹೆಂಡತಿ ಫುರಸುಂಗಿ ಕಡೆ. ಆಮೇಲೆ ಮಧ್ಯಾಹ್ನ ಮೂರರವರೆಗೆ ಅವ್ವ ಒಬ್ಬಳೇ. ಪಕ್ಕದ ಮನೆಯವರು ಒಳ್ಳೆಯವರು, ಮರಾಠಿ ಮಾತಾಡ್ತಾರೆ. ಅವ್ವನಿಗೆ ಮರಾಠಿ ಅಲ್ಪಸ್ವಲ್ಪ ಅರ್ಥ ಆಗುತ್ತೆ, ಆದ್ರೆ ಸುಖದುಃಖ ಮಾತಾಡೋವಷ್ಟು ಬರಲ್ಲ. ಕೆಲಸದವಳ ಜೊತೆ ಕೈಸನ್ನೆ. ಅಂದ್ರೆ ದಿನಕ್ಕೆ ಐದೂವರೆ ತಾಸು ಆ ಮನೆಯಲ್ಲಿ ಕನ್ನಡದ ಒಂದು ಶಬ್ದಾನೂ ಇಲ್ಲ.

ಬಂದ ವಾರದಲ್ಲೇ ಒಂದ್ಸಲ ಕೇಳಿದ್ಲು: "ತಮ್ಮಾ, ನಿಮ್ಮ ಟಿವ್ಯಾಗ ಚಂದನ ಬರ್ತೈತೇನು?"

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೇ "ಯೂಟ್ಯೂಬಿನ್ಯಾಗ ಸಿಗ್ತೈತಿ ಅವ್ವಾ, ಹುಡುಕಿ ಕೊಡ್ತೀನಿ" ಅಂದೆ. ಹುಡುಕಿ ಕೊಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಒಂದೆರಡು ಸಲ ಹೆಂಡತಿ ಸಂಜೆ ಯಾವುದೋ ಕನ್ನಡ ಸಿನಿಮಾ ಹಾಕಿ ಕೊಟ್ಟಳು. ಅವ್ವ ಹತ್ತು ನಿಮಿಷ ನೋಡಿ ಎದ್ದು ಹೋಗೋಳು. "ಯಾಕ ಅತ್ತಿ, ಚಲೋ ಇಲ್ಲೇನ್ರಿ?" ಅಂತ ಇವಳು ಕೇಳಿದ್ರೆ, "ಸಾಕವ್ವಾ, ಟಿವಿ ನೋಡೂ ಮನಸ್ಸೇ ಇಲ್ಲ" ಅನ್ನೋಳು. ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ದುಃಖದಲ್ಲಿದಾಳೆ, ಮನಸ್ಸಿಲ್ಲ, ಸಹಜ ಅಂದುಕೊಂಡ್ವಿ. ಆ ಟಿವಿಯನ್ನ ಅವಳಿಗೆ ನೋಡೋಕೇ ಆಗ್ತಿಲ್ಲ ಅನ್ನೋದು ನಮ್ಮಿಬ್ಬರಿಗೂ ಹೊಳೀಲಿಲ್ಲ.

ಆ ಸೆಪ್ಟೆಂಬರ್‌ನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಶುರುವಾಯ್ತು, ನಿಮ್ಮಲ್ಲಿ ತುಂಬಾ ಜನ ಅದರಲ್ಲಿ ಓಡಾಡಿರ್ತೀರಿ. ಡಿಸೆಂಬರ್‌ನಲ್ಲಿ ಅವ್ವ ಅದೇ ರೈಲಿನಲ್ಲಿ ಊರಿಗೆ ಹೋದ್ಲು. "ಒಂದ್ ತಿಂಗಳು ಇದ್ದು ಬರ್ತೀನಿ" ಅಂದವಳು ತಿಂಗಳಾದ್ರೂ ಬರಲಿಲ್ಲ, ಎರಡು ತಿಂಗಳಾದ್ರೂ ಬರಲಿಲ್ಲ. ಫೋನಿನಲ್ಲಿ ಕರೆದ್ರೆ, "ಇಲ್ಲೇ ಆರಾಮ ಅದೀನಿ, ನೀವು ನಿಮ್ಮ ಕೆಲಸ ನೋಡ್ಕೋರಿ" ಅನ್ನೋಳು.

2025ರ ಯುಗಾದಿಗೆ ಗದಗಿಗೆ ಹೋದೆ. ರಾತ್ರಿ ಊಟ ಆದ್ಮೇಲೆ ಅವ್ವ ಪಡಸಾಲೆಯಲ್ಲಿ ಚಾಪೆ ಹಾಕಿ ಕೂತು, ಹಳೇ 32 ಇಂಚಿನ ಟಿವಿಯಲ್ಲಿ ಚಂದನ ಹಾಕಿದ್ಲು. 'ಥಟ್ ಅಂತ ಹೇಳಿ' ಬರ್ತಾ ಇತ್ತು. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸ್ತಿರೋ ಕ್ವಿಜ್, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡ್ತಾರಲ್ಲ, ಅದೇ. ನಮ್ಮ ಮನೆಯಲ್ಲಿ ಅದು ಅಪ್ಪನ ಕಾರ್ಯಕ್ರಮ. ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳಿ, ತಪ್ಪಾದ್ರೆ ಕೆಮ್ಮಿದ ಹಾಗೆ ಮಾಡೋರು. ಈಗ ಅವ್ವ ಒಬ್ಬಳೇ ಕೂತು ಉತ್ತರ ಹೇಳ್ತಾ ಇದ್ಲು. ಒಂದು ಉತ್ತರ ಸರಿಯಾದಾಗ ಪಕ್ಕಕ್ಕೆ ತಿರುಗಿ ನೋಡಿದ್ಲು. ಪಕ್ಕದಲ್ಲಿ ನಾನಿದ್ದೆ.

ಆಗ ಮೊದಲ ಸಲ ಅವಳನ್ನ ಸರಿಯಾಗಿ ಕೇಳಿದೆ. "ಅವ್ವಾ, ನಮ್ಮ ಮನ್ಯಾಗಿನ ಟಿವಿ ಯಾಕ ಬ್ಯಾಡ ನಿನಗ?"

ಅವಳು ಸ್ವಲ್ಪ ಹಿಂದೆಮುಂದೆ ನೋಡಿ ಹೇಳಿದ್ಲು: "ನೀ ಅಷ್ಟು ರೊಕ್ಕಾ ಕೊಟ್ಟು ತಂದೀದಿ, ಏನಂತ ಹೇಳ್ಲಿ? ಕೆಳಗ ಕುಂತು ನೋಡಿದ್ರ ಮಂದಿ ಮುಖಕ್ಕ ಬೂದಿ ಬಡದಂಗ ಕಾಣ್ತಾವು. ಮಧ್ಯಾಹ್ನ ಹಾಕಿದ್ರ ಕಿಟಕೀನ ಕಾಣ್ತೈತಿ, ಟಿವಿ ಕಾಣಂಗಿಲ್ಲ. ಮಾತು ಗುಂಯ್ ಅಂತಾವು, ಏನಂದ್ರು ತಿಳಿಯಂಗಿಲ್ಲ. ಆ ರಿಮೋಟಂತೂ ಒಂದ್ ಒತ್ತಿದ್ರ ಇನ್ನೊಂದ್ ಆಗ್ತೈತಿ. ಮ್ಯಾಲೆ ನೋಡಿ ನೋಡಿ ಕುತ್ತಿಗಿ ಹಿಡೀತು."

ಐದು ವಾಕ್ಯ, ಐದು ಬಗ್. ಹತ್ತು ವರ್ಷದಿಂದ ಕ್ಲೈಂಟ್ ಜೊತೆ ಕೂತು ರಿಕ್ವೈರ್ಮೆಂಟ್ ಬರ್ಕೊಳ್ಳೋ ನಾನು ಮನೆಯಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಈಗ ಈ ಐದನ್ನೂ ಒಂದೊಂದಾಗಿ ನೋಡೋಣ. ಪ್ರತಿಯೊಂದರ ಹಿಂದೆ ಒಂದು ತಾಂತ್ರಿಕ ಕಾರಣ ಇದೆ, ಟಿವಿ ಆರಿಸೋವಾಗ ನಿಮಗೂ ಉಪಯೋಗಕ್ಕೆ ಬರುತ್ತೆ.

ಮೊದಲು ಬೂದಿ ಬಡಿದ ಮುಖ. ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಅಂತ ನಾಲ್ಕು ಹೆಸರು ಹೇಳ್ತಾರೆ. ಮೊದಲ ಮೂರೂ ಮೂಲದಲ್ಲಿ ಎಲ್‌ಸಿಡಿನೇ. ಹಿಂದಿನಿಂದ ಬಿಳಿ ಅಥವಾ ನೀಲಿ ಬೆಳಕು, ಮುಂದೆ ಆ ಬೆಳಕನ್ನ ಬಿಡೋ ಅಥವಾ ತಡೆಯೋ ದ್ರವಹರಳಿನ ಪದರ. ಕ್ಯೂಎಲ್‌ಇಡಿಯಲ್ಲಿ ಬಣ್ಣ ಶುದ್ಧ ಆಗ್ಲಿ ಅಂತ ಕ್ವಾಂಟಂ ಡಾಟ್ ಪದರ ಸೇರಿಸ್ತಾರೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಚಿಕ್ಕವು, ಬಹಳ, ಒಂದೊಂದು ಭಾಗವನ್ನ ಬೇರೆ ಬೇರೆ ಮಂಕು ಮಾಡಬಹುದು. ಓಎಲ್‌ಇಡಿ ಮಾತ್ರ ಬೇರೆ ಜಾತಿ, ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತೆ, ತಾನೇ ಆರುತ್ತೆ. ಕಪ್ಪು ಅಂದ್ರೆ ಪೂರ್ತಿ ಕಪ್ಪು.

ಈ ಎಲ್‌ಸಿಡಿಯಲ್ಲೂ ಎರಡು ಮುಖ್ಯ ಬಗೆ. ವಿಎ ಪ್ಯಾನೆಲ್ ಮತ್ತು ಐಪಿಎಸ್ ಪ್ಯಾನೆಲ್. ವಿಎಯಲ್ಲಿ ಕಪ್ಪು ಚೆನ್ನಾಗಿರುತ್ತೆ, ಕಾಂಟ್ರಾಸ್ಟ್ ಜಾಸ್ತಿ, ಕತ್ತಲೆ ಮಾಡಿ ಸಿನಿಮಾ ನೋಡೋರಿಗೆ ಒಳ್ಳೇದು. ಆದ್ರೆ ನೇರ ಎದುರಿಗೆ ಕೂತಿರಬೇಕು. ಪಕ್ಕಕ್ಕೆ ಅಥವಾ ಬಹಳ ಕೆಳಕ್ಕೆ ಸರಿದ್ರೆ ಬಣ್ಣ ತೊಳೆದ ಹಾಗೆ ಮಂಕಾಗುತ್ತೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದು, ಆದರೆ ಯಾವ ಮೂಲೆಯಿಂದ ನೋಡಿದ್ರೂ ಮುಖದ ಬಣ್ಣ ಬಹುತೇಕ ಹಾಗೇ ಉಳಿಯುತ್ತೆ. ನಾನು ತಂದದ್ದು ವಿಎ. ಅದನ್ನ ಐದಡಿ ಎತ್ತರಕ್ಕೆ ಹಾಕಿಸಿದ್ದೆ. ಸೋಫಾದಿಂದ ನನಗೆ ಚೆನ್ನಾಗೇ ಕಾಣ್ತಿತ್ತು. ಅವ್ವ ಕೂರೋದು ನೆಲದ ಮೇಲೆ ಚಾಪೆಯಲ್ಲಿ, ಅದೂ ಒಂದು ಪಕ್ಕಕ್ಕೆ, ಕಾಯಿಪಲ್ಲೆ ಹೆಚ್ಚುತ್ತಾ. ಅವಳ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿತ್ತು. ಆ ಕೋನದಲ್ಲಿ ನಾನು ಒಂದು ದಿನವೂ ಕೂತು ನೋಡಿರಲಿಲ್ಲ.

ಕುತ್ತಿಗೆ ನೋವಿನ ಕಾರಣಾನೂ ಅದೇ. ಪರದೆಯ ನಡುಭಾಗ ಕೂತವರ ಕಣ್ಣಿನ ಎತ್ತರಕ್ಕೆ ಹತ್ತಿರ ಇರಬೇಕು. ಸೋಫಾ ಆದ್ರೆ ನೆಲದಿಂದ ಸುಮಾರು ಮೂರೂವರೆ ಅಡಿ. ನಾವು ಫೋಟೋಗೆ ಮೊಳೆ ಹೊಡೆಯೋ ಎತ್ತರದಲ್ಲಿ ಟಿವಿಗೂ ಹೊಡೀತೀವಿ. ಗೋಡೆಗೆ ತೂತು ಹಾಕೋಕೆ ಇನ್‌ಸ್ಟಾಲೇಶನ್ ಹುಡುಗ ಬಂದಾಗ ಅವನಿಗೆ ಜಾಗ ತೋರಿಸೋ ಮುಂಚೆ ಮನೆಮಂದಿಯನ್ನೆಲ್ಲ ಅವರವರ ಜಾಗದಲ್ಲಿ ಕೂರಿಸಿ ನೋಡ್ರಿ.

ಎರಡನೇದು, ಕಿಟಕಿ ಕಾಣೋದು. ನಮ್ಮ ಬಾಲ್ಕನಿ ಟಿವಿಯ ಎದುರಿಗಿದೆ. ಹೊಳಪಿನ ಪರದೆ ಕನ್ನಡಿಯಂತೆ ಕೆಲಸ ಮಾಡುತ್ತೆ. ಅಂಗಡಿಯಲ್ಲಿ ಇದು ಗೊತ್ತಾಗಲ್ಲ, ಯಾಕಂದ್ರೆ ಅಲ್ಲಿ ಕಿಟಕಿಯೇ ಇರಲ್ಲ, ಮೇಲಾಗಿ ಡೆಮೋ ಮೋಡ್‌ನಲ್ಲಿ ಬೆಳಕು ಪೂರ್ತಿ ಏರಿಸಿಟ್ಟಿರ್ತಾರೆ. ಅವ್ವನಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಎದುರು ಬೆಳಕು ಬಿದ್ದರೆ ಅವಳಿಗೆ ಬಹಳ ತ್ರಾಸು. ಇದಕ್ಕೆ ದುಬಾರಿ ಉಪಾಯ ಅಂದ್ರೆ ಪ್ರತಿಫಲನ ಕಡಿಮೆ ಇರೋ, ಬೆಳಕು ಜಾಸ್ತಿ ಇರೋ ಪರದೆ. ಅಗ್ಗದ ಉಪಾಯ ಟಿವಿಯನ್ನ ಕಿಟಕಿಯ ಎದುರಿನ ಗೋಡೆಯಿಂದ ಪಕ್ಕದ ಗೋಡೆಗೆ ಬದಲಿಸೋದು, ಒಂದು ದಪ್ಪ ಪರದೆ ಬಟ್ಟೆ ಹಾಕೋದು.

ಬೆಳಕಿನ ಮಾತು ಬಂತು ಅಂತ ಎಚ್‌ಡಿಆರ್ ಬಗ್ಗೆ ಒಂದು ಮಾತು. ಬೆಳಕನ್ನ ನಿಟ್ಸ್ ಅನ್ನೋ ಅಳತೆಯಲ್ಲಿ ಹೇಳ್ತಾರೆ. 250, 300 ನಿಟ್ಸ್ ಇರೋ ಅಗ್ಗದ ಟಿವಿಯ ಡಬ್ಬಿ ಮೇಲೂ ಎಚ್‌ಡಿಆರ್ ಅಂತ ಬರೆದಿರುತ್ತೆ. ಆ ಸಿಗ್ನಲ್ಲನ್ನ ಅದು ಓದುತ್ತೆ ಅಷ್ಟೇ, ತೋರಿಸೋಕೆ ಬೇಕಾದ ಬೆಳಕು ಅದರ ಹತ್ರ ಇರಲ್ಲ. ಡಬ್ಬಿ ಮೇಲಿನ ಆ ಒಂದು ಪದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಮೂರನೇದು, ಮಾತು ಗುಂಯ್ ಅನ್ನೋದು. ಇದನ್ನ ಎಲ್ಲರೂ ಕಡೆಗಣಿಸ್ತೀವಿ, ಆದ್ರೆ ವಯಸ್ಸಾದವರಿರೋ ಮನೆಯಲ್ಲಿ ಚಿತ್ರಕ್ಕಿಂತ ಇದೇ ಮುಖ್ಯ. ಹಳೇ ಡಬ್ಬಾ ಟಿವಿಯಲ್ಲಿ ಸ್ಪೀಕರ್ ಮುಂದಕ್ಕೆ, ನಮ್ಮ ಕಡೆಗೆ ಇರ್ತಿತ್ತು. ಈಗಿನ ತೆಳು ಟಿವಿಯಲ್ಲಿ ಜಾಗ ಇಲ್ಲ, ಬಹಳಷ್ಟರಲ್ಲಿ ಸ್ಪೀಕರ್ ಕೆಳಮುಖ ಅಥವಾ ಹಿಮ್ಮುಖ. ಸದ್ದು ಗೋಡೆಗೆ ಬಡಿದು ನಮಗೆ ಬರುತ್ತೆ. ವಯಸ್ಸಾದಂತೆ ಕಿವಿಗೆ ಮೊದಲು ಕಡಿಮೆಯಾಗೋದು ಎತ್ತರದ ಸ್ವರಗಳು. ಸ, ಶ, ತ, ಪ ಇಂಥ ವ್ಯಂಜನಗಳ ಸ್ಪಷ್ಟತೆ ಇರೋದೇ ಅಲ್ಲಿ. ಹಾಗಾಗಿ ವಾಲ್ಯೂಮ್ ಏರಿಸಿದ್ರೆ ಗದ್ದಲ ಜಾಸ್ತಿಯಾಗುತ್ತೆ, ಮಾತು ತಿಳಿಯಲ್ಲ. ನಾವು "ಅವ್ವಾ, ಎಷ್ಟು ಜೋರು ಇಟ್ಟಿದೀ" ಅಂತೀವಿ. ಅವಳು ಸದ್ದು ಕಡಿಮೆ ಮಾಡ್ತಾಳೆ, ಆಮೇಲೆ ಟಿವಿಯನ್ನೇ ಬಂದ್ ಮಾಡ್ತಾಳೆ.

ಮಾಡಬೇಕಾದ್ದು ಇಷ್ಟು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಸ್ಪೀಚ್, ಕ್ಲಿಯರ್ ವಾಯ್ಸ್ ಅಂತ ಏನಾದ್ರೂ ಇದ್ರೆ ಅದನ್ನ ಹಾಕ್ರಿ. ಸಾಲದಿದ್ರೆ ಒಂದು ಚಿಕ್ಕ ಸೌಂಡ್‌ಬಾರ್ ತಗೊಳ್ರಿ. ಧಡ್ ಧಡ್ ಅನ್ನೋ ಸಬ್‌ವೂಫರ್ ಬೇಡ, ಮಾತಿಗೆ ನಡುವೆ ಬೇರೆ ಸ್ಪೀಕರ್ ಇರೋದು ಉತ್ತಮ. ಅದನ್ನ ಎಚ್‌ಡಿಎಂಐ ಎಆರ್‌ಸಿ ಅನ್ನೋ ಪೋರ್ಟಿಗೆ ಸೇರಿಸಿದ್ರೆ ಟಿವಿ ರಿಮೋಟಿನಿಂದಲೇ ಸದ್ದು ಏರಿಸಿ ಇಳಿಸಬಹುದು, ಇನ್ನೊಂದು ರಿಮೋಟ್ ಬೇಡ.

ನಾಲ್ಕನೇದು ರಿಮೋಟು. ಸ್ಮಾರ್ಟ್ ಟಿವಿಯ ರಿಮೋಟುಗಳಲ್ಲಿ ಈಗ ಅಂಕಿಗಳೇ ಇರಲ್ಲ, ಆ್ಯಪ್‌ಗಳ ಗುಂಡಿ ಇರುತ್ತೆ. ತಪ್ಪಿ ಅದಕ್ಕೆ ಬೆರಳು ತಾಗಿದ್ರೆ ಇನ್ನೊಂದು ಲೋಕಕ್ಕೆ ಹೋಗಿಬಿಡ್ತೀವಿ. ಅವ್ವನಿಗೆ ಬೇಕಾದದ್ದು ಪವರ್, ಅಂಕಿ, ಸದ್ದು, ಇಷ್ಟೇ. ಅದು ಸಿಗೋದು ಸೆಟ್‌ಟಾಪ್ ಬಾಕ್ಸಿನ ರಿಮೋಟಿನಲ್ಲಿ. ಟಿವಿ ಹಾಕಿದ ತಕ್ಷಣ ಹೋಮ್ ಪೇಜಿಗೆ ಹೋಗದೆ ನೇರ ಎಚ್‌ಡಿಎಂಐ ಇನ್‌ಪುಟ್‌ಗೆ ಹೋಗೋ ಸೆಟ್ಟಿಂಗ್ ಹಲವು ಟಿವಿಗಳಲ್ಲಿದೆ. ಕೊಳ್ಳೋ ಮುಂಚೆ ಅಂಗಡಿಯವರಿಗೆ ಇದನ್ನ ಮಾಡಿ ತೋರಿಸೋಕೆ ಹೇಳ್ರಿ. ಅವರಿಗೆ ಆಗಲಿಲ್ಲ ಅಂದ್ರೆ ನಿಮ್ಮ ತಾಯಿಗೂ ಆಗಲ್ಲ.

ಆದ್ರೆ ಬಾಕ್ಸ್ ಅಂದಮೇಲೆ ಕನೆಕ್ಷನ್ ಬೇಕು. ಪುಣೆಯಲ್ಲಿ ಕನ್ನಡ ಚಾನೆಲ್ ಸಿಗಲ್ಲ ಅಂತ ಬಹಳ ಜನ ಅಂದ್ಕೊಂಡಿದಾರೆ, ಅದು ತಪ್ಪು. 2019ರ ಫೆಬ್ರವರಿ 1ರಿಂದ ಟ್ರಾಯ್ ನಿಯಮದ ಪ್ರಕಾರ ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಆರಿಸಿಕೊಳ್ಳಬಹುದು. ಲೋಕಲ್ ಕೇಬಲ್‌ನವರು ಮರಾಠಿ-ಹಿಂದಿ ಪ್ಯಾಕ್ ಕೊಟ್ಟು "ಕನ್ನಡ ನಹೀ ಹೈ" ಅಂದ್ರೆ ಡಿಟಿಎಚ್ ನೋಡ್ರಿ. ಉಪಗ್ರಹಕ್ಕೆ ರಾಜ್ಯದ ಗಡಿ ಇಲ್ಲ. ಹುಬ್ಬಳ್ಳಿಯಲ್ಲಿ ಬರೋ ಚಾನೆಲ್ಲೇ ಹಡಪಸರದಲ್ಲೂ ಬರುತ್ತೆ. ಒಂದೇ ತೊಂದರೆ ಅಂದ್ರೆ ದಿಕ್ಕು. ನಮ್ಮ ಡಿಟಿಎಚ್ ಉಪಗ್ರಹಗಳು ಪುಣೆಯಿಂದ ದಕ್ಷಿಣ ಮತ್ತು ಪೂರ್ವದ ನಡುವೆ ಕಾಣ್ತವೆ. ನಿಮ್ಮ ಬಾಲ್ಕನಿ ಉತ್ತರಕ್ಕೋ ಪಶ್ಚಿಮಕ್ಕೋ ಇದ್ದರೆ ಡಿಶ್ ಅಲ್ಲಿ ಕೂರಲ್ಲ, ಸೊಸೈಟಿಯ ಟೆರೇಸ್ ಮೇಲೆ ಹಾಕೋಕೆ ಅನುಮತಿ ತಗೋಬೇಕು. ಬರೀ ಚಂದನ ಸಾಕು ಅನ್ನೋರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ಒಮ್ಮೆ ಬಾಕ್ಸ್, ಡಿಶ್ ಕೊಂಡ್ರೆ ತಿಂಗಳ ಬಾಡಿಗೆ ಇಲ್ಲ.

ಈಗ ಎಲ್ಲರೂ ಕೇಳೋ ಪ್ರಶ್ನೆ: ಎಷ್ಟು ಇಂಚು? ನನ್ನ ಎಂಟೆಕ್ ಉಪಯೋಗಕ್ಕೆ ಬಂದದ್ದು ಇಲ್ಲೊಂದೇ ಕಡೆ. ಒಳ್ಳೆ ದೃಷ್ಟಿ ಇರೋ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರದ ಎರಡು ಚುಕ್ಕೆಗಳನ್ನ ಬೇರೆ ಬೇರೆ ಅಂತ ಗುರುತಿಸುತ್ತೆ. ಅದಕ್ಕಿಂತ ಹತ್ತಿರ ಇದ್ರೆ ಎರಡೂ ಒಂದೇ. ಇದರಿಂದ ಪಿಕ್ಸೆಲ್ ಯಾವ ದೂರದಲ್ಲಿ ಕಾಣದಂತಾಗುತ್ತೆ ಅಂತ ಲೆಕ್ಕ ಹಾಕಬಹುದು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್. ಅದರಲ್ಲಿ 4ಕೆ ಚಿತ್ರದ ಪಿಕ್ಸೆಲ್ 1.1 ಮೀಟರ್ ದೂರಕ್ಕೇ ಕಾಣೆಯಾಗುತ್ತೆ. ಫುಲ್ ಎಚ್‌ಡಿಯದು 2.2 ಮೀಟರ್‌ಗೆ. 720 ಪಿಕ್ಸೆಲ್ ಅಗಲದ ಎಸ್‌ಡಿ ಚಾನೆಲ್ಲಿನದು 5.8 ಮೀಟರ್‌ಗೆ.

ನಮ್ಮ ಹಾಲ್‌ನಲ್ಲಿ ಕೂರೋ ದೂರ 2.7 ಮೀಟರ್, ಅಂದ್ರೆ ಒಂಬತ್ತಡಿ. ಅಲ್ಲಿಂದ 4ಕೆಗೂ ಫುಲ್ ಎಚ್‌ಡಿಗೂ ಪಿಕ್ಸೆಲ್ ಲೆಕ್ಕದಲ್ಲಿ ವ್ಯತ್ಯಾಸ ಕಾಣಲ್ಲ. ನಾನು 4ಕೆಗೆ ಅಂತ ಕೊಟ್ಟ ದುಡ್ಡು ಕಣ್ಣಿನವರೆಗೆ ಬರ್ತಾನೇ ಇರಲಿಲ್ಲ. ಅದೇ ಎಸ್‌ಡಿ ಚಾನೆಲ್ ಹಾಕಿದ್ರೆ ಕೆಸರು ಕೆಸರು. 43 ಇಂಚಿನಲ್ಲಿ ಅಗಲ 95 ಸೆಂಟಿಮೀಟರ್, ಫುಲ್ ಎಚ್‌ಡಿಗೆ 1.7 ಮೀಟರ್, ಎಸ್‌ಡಿಗೆ 4.5 ಮೀಟರ್. ಎಸ್‌ಡಿ ಇಲ್ಲೂ ಪೂರ್ತಿ ನುಣುಪಾಗಲ್ಲ, ಆದರೆ ಕಣ್ಣಿಗೆ ಹಿತವಾಗುತ್ತೆ. ಹಾಗಾಗಿ ಮನೆಯಲ್ಲಿ ಧಾರಾವಾಹಿ, ವಾರ್ತೆ ನೋಡೋರಿದ್ರೆ ಇಂಚು ಏರಿಸೋ ದುಡ್ಡಿನಲ್ಲಿ ಚಾನೆಲ್ಲಿನ ಎಚ್‌ಡಿ ರೂಪ ತಗೊಳ್ರಿ. ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳಿಗೆ ಎಚ್‌ಡಿ ಇದೆ. ಬಾಕ್ಸೂ ಎಚ್‌ಡಿಯದೇ ಇರಬೇಕು.

ಹಾಗಾದ್ರೆ ಓಎಲ್‌ಇಡಿ ಎಲ್ಲಿಂದ ನೋಡಿದ್ರೂ ಚೆನ್ನಾಗಿರುತ್ತಲ್ಲ, ಅದನ್ನೇ ತರಬಹುದಲ್ಲ ಅಂತ ಕೇಳಬಹುದು. ಹೌದು, ಕೋನದ ಸಮಸ್ಯೆ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಒಂದೇ ಜಾಗದಲ್ಲಿ ದಿನವಿಡೀ ನಿಲ್ಲೋ ಚಿತ್ರದ ಗುರುತು ಅದರಲ್ಲಿ ಉಳಿಯೋ ಅಪಾಯ ಇದೆ. ಹೊಸ ಮಾಡೆಲ್‌ಗಳಲ್ಲಿ ಕಡಿಮೆ ಮಾಡಿದಾರೆ, ಪೂರ್ತಿ ಹೋಗಿಲ್ಲ. ನಮ್ಮ ನ್ಯೂಸ್ ಚಾನೆಲ್‌ಗಳನ್ನ ನೆನಪಿಸಿಕೊಳ್ರಿ. ಮೂಲೆಯಲ್ಲಿ ಲೋಗೋ, ಕೆಳಗೆ ಎರಡು ಕೆಂಪು ಪಟ್ಟಿ. ದಿನಕ್ಕೆ ಎಂಟು ತಾಸು ಅದೇ ನಡೆಯೋ ಮನೆಗೆ ಅದು ಸರಿಹೋಗಲ್ಲ, ಬೆಲೆ ಬೇರೆ.

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಮೊದಲು ಮಾಡಿದ್ದು ಹೊಸ ಟಿವಿ ತರೋದಲ್ಲ. ಹಳೇ ಟಿವಿಯನ್ನೇ ಒಂದೂವರೆ ಅಡಿ ಕೆಳಗೆ ಇಳಿಸಿದೆ, ಕನೆಕ್ಷನ್ ಹಾಕಿಸಿದೆ, ಸೌಂಡ್‌ಬಾರ್ ತಂದೆ, ಪಿಕ್ಚರ್ ಮೋಡನ್ನ ವಿವಿಡ್‌ನಿಂದ ಸಿನಿಮಾಗೆ ಬದಲಿಸಿದೆ. ಅರ್ಧಕ್ಕಿಂತ ಹೆಚ್ಚು ಸಮಸ್ಯೆ ಅಲ್ಲೇ ಬಗೆಹರೀತು. ನಿಮ್ಮ ಮನೆಯಲ್ಲೂ ಮೊದಲು ಇಷ್ಟು ಮಾಡಿ ನೋಡ್ರಿ. ಉಳಿದದ್ದು ಕೋನ ಮತ್ತು ಎಸ್‌ಡಿ.

ಆಮೇಲೆ ಹೆಂಡತಿ ಜೊತೆ ಮಾತಾಡಿದೆ. ನನ್ನ ಯೋಚನೆ, ಅವ್ವನ ರೂಮಿಗೆ ಒಂದು ಚಿಕ್ಕ ಟಿವಿ ಹಾಕಿಬಿಡೋಣ, ಅವಳಿಗೆ ಬೇಕಾದದ್ದು ನೋಡ್ಕೊಂಡಿರ್ತಾಳೆ ಅಂತ. ಇವಳು ಒಪ್ಪಲಿಲ್ಲ. "ಬಾಗಿಲು ಹಾಕ್ಕೊಂಡು ಒಬ್ಬರೇ ಟಿವಿ ನೋಡೂದಿದ್ರ ಗದಗಿನ್ಯಾಗ ಕುಂತು ನೋಡ್ತಾರಲ್ಲ, ಇಲ್ಲಿಗೆ ಯಾಕ ಬರ್ಬೇಕು?" ಅಂದಳು. ಮೂರು ತಾಸಿನ ಸಿನಿಮಾ ವಾರಕ್ಕೊಮ್ಮೆ ನೋಡೋ ನಮ್ಮ ಟಿವಿ ಹಾಲ್‌ನಲ್ಲಿ, ದಿನಾ ನೋಡೋರ ಟಿವಿ ರೂಮಿನಲ್ಲಿ, ಇದ್ಯಾವ ನ್ಯಾಯ ಅಂತ ಅವಳ ವಾದ. ಹಾಗಾಗಿ 55 ಇಂಚಿನದು ನಮ್ಮ ಬೆಡ್‌ರೂಮಿಗೆ ಹೋಗೋದು, ಹಾಲ್‌ಗೆ ಅವ್ವನ ಅಳತೆಯ ಟಿವಿ ತರೋದು ಅಂತ ತೀರ್ಮಾನ ಆಯ್ತು.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳೀತು. ತೆರಿಗೆ ಸೇರದ ಬೆಲೆ 20,000 ರೂಪಾಯಿ ಅಂದ್ಕೊಂಡ್ರೆ ಮೊದಲು 25,600 ಆಗ್ತಿದ್ದದ್ದು ಈಗ 23,600. ದಸರೆಗೆ ಅವ್ವನನ್ನ ಕರೆಸಿಕೊಂಡೆ, ಈ ಸಲ ಅಂಗಡಿಗೂ ಕರ್ಕೊಂಡು ಹೋದೆ.

ಅಂಗಡಿಯ ಹುಡುಗ ಹಿಂದಿಯಲ್ಲಿ ಶುರು ಮಾಡಿದ. ಎಲ್ಲ ಟಿವಿಯಲ್ಲೂ ಒಂದೇ ಡೆಮೋ, ನವಿಲು, ಹೂವು, ವಿದೇಶದ ಸಮುದ್ರ. ಅವ್ವ ನನ್ನ ಕಡೆ ತಿರುಗಿ, "ಇದರಾಗ ಮನಷ್ಯಾರು ಬರಂಗಿಲ್ಲೇನೋ?" ಅಂದಳು. ಆ ಹುಡುಗ ಫಕ್ಕನೆ ನಕ್ಕು, "ಬರ್ತಾರ್ರೀ ಅಜ್ಜಿ, ಹಚ್ತೀನಿ ತಡೀರಿ" ಅಂದ. ಅಕ್ಕಲಕೋಟೆಯ ಕಡೆಯವನು, ಮನೆಮಾತು ಕನ್ನಡ. ನನ್ನ ಕೋರಿಕೆಗೆ ಡೆಮೋ ತೆಗೆದು, ಬಾಕ್ಸ್ ಜೋಡಿಸಿ, ಎಸ್‌ಡಿಯಲ್ಲಿ ಚಂದನ ಹಾಕಿದ. ನಾಲ್ಕು ಟಿವಿಯಲ್ಲಿ ಒಂದಾದ ಮೇಲೊಂದು. ಒಂದೇ ಸಿಗ್ನಲ್, ಆದರೆ ನಾಲ್ಕರಲ್ಲಿ ನಾಲ್ಕು ಥರ. ಕಡಿಮೆ ಪಿಕ್ಸೆಲ್ಲಿನ ಚಿತ್ರವನ್ನ ದೊಡ್ಡ ಪರದೆಗೆ ಹಿಗ್ಗಿಸೋ ಪ್ರೊಸೆಸರ್ ಒಂದೊಂದರಲ್ಲಿ ಒಂದೊಂದು ಬಗೆ. ಇದನ್ನ ಯಾವ ಸ್ಪೆಕ್ ಶೀಟಿನಲ್ಲೂ ಬರೆದಿರಲ್ಲ, ಕಣ್ಣಾರೆ ನೋಡಬೇಕು.

ಅಷ್ಟರಲ್ಲಿ ಅವ್ವ ಸೆರಗು ಸರಿಮಾಡ್ಕೊಂಡು ಅಂಗಡಿಯ ನೆಲದ ಮೇಲೇ ಕೂತುಬಿಟ್ಟಳು. ಸುತ್ತ ಇದ್ದ ಜನ ತಿರುಗಿ ನೋಡಿದ್ರು, ನನಗೂ ಒಂದು ಕ್ಷಣ ಮುಜುಗರ ಆಯ್ತು. ಹುಡುಗ ಕುರ್ಚಿ ತರೋಕೆ ಓಡಿದ. "ಬ್ಯಾಡಪ್ಪಾ, ಮನ್ಯಾಗ ಹಿಂಗ ಕೂಡ್ತೀನಿ" ಅಂದಳು. ನಾಲ್ಕನ್ನೂ ಅಲ್ಲಿಂದಲೇ ನೋಡಿ, ಮೂರನೇದಕ್ಕೆ ಬೆರಳು ತೋರಿಸಿ, "ಇದರಾಗ ಮುಖಾ ಮುಖದಂಗ ಅದಾವು" ಅಂದಳು. ನಾನು ಮಾಡೆಲ್ ನಂಬರ್ ನೋಡಿದೆ. 43 ಇಂಚು, ಅಗಲ ಕೋನದ ಪ್ಯಾನೆಲ್, ನಾಲ್ಕರಲ್ಲಿ ಬೆಲೆಯಲ್ಲಿ ಎರಡನೇ ಕಡಿಮೆಯದು. ನನ್ನ ಎಕ್ಸೆಲ್ ಶೀಟಿನಲ್ಲಿ ಅದು ಐದನೇ ಸ್ಥಾನದಲ್ಲಿತ್ತು.

ಬಿಲ್ ಮಾಡಿಸೋ ಮುಂಚೆ ಎರಡು ವಿಷಯ ಕೇಳ್ಕೊಂಡೆ, ನೀವೂ ಕೇಳ್ರಿ. ಪ್ಯಾನೆಲ್‌ಗೆ ವಾರಂಟಿ ಎಷ್ಟು ವರ್ಷ ಅಂತ, ಯಾಕಂದ್ರೆ ಪ್ಯಾನೆಲ್ ಹೋದ್ರೆ ರಿಪೇರಿ ಖರ್ಚು ಹೊಸ ಟಿವಿಯ ಹತ್ರ ಹತ್ರ ಬರುತ್ತೆ. ಆಮೇಲೆ ಕರೆಂಟು. 100 ವ್ಯಾಟ್ ಟಿವಿ ದಿನಕ್ಕೆ ಎಂಟು ತಾಸು ಓಡಿದ್ರೆ ತಿಂಗಳಿಗೆ 24 ಯುನಿಟ್. ದಿನವಿಡೀ ಓಡೋ ಟಿವಿಗೆ ಸ್ಟಾರ್ ಲೇಬಲ್ ನೋಡಿಯೇ ತಗೊಳ್ರಿ.

ಈಗ ನಮ್ಮ ಹಾಲ್‌ನಲ್ಲಿ ಆ ಟಿವಿ ಪಕ್ಕದ ಗೋಡೆ ಮೇಲಿದೆ, ಸೋಫಾದಿಂದ ನೋಡಿದ್ರೆ ಸ್ವಲ್ಪ ಕೆಳಗಾಯ್ತು ಅನ್ಸುತ್ತೆ. ಬಂದವರು "ಇಷ್ಟು ಚಿಕ್ಕದಾ?" ಅಂತಾರೆ. ಟಿವಿ ಬದಲಿಸಿದ್ರೆ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಅವ್ವನಿಗೆ ಅಪ್ಪ ಇಲ್ಲದ ಮನೆ ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಸಂಕ್ರಾಂತಿಗೆ ಊರಿಗೆ ಹೋಗ್ತೀನಿ ಅಂತ ಈಗಲೇ ಹೇಳಿಟ್ಟಿದಾಳೆ, ಹೋಗ್ತಾಳೆ. ಆದರೆ ಈ ಸಲ ವಾಪಸ್ ಬರೋ ರೈಲಿನ ಟಿಕೆಟ್ಟನ್ನೂ ತೆಗೆಸಿದಾಳೆ.

ಇನ್ನೊಂದು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಮಗಳಿಗೆ ಈಗ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡೋವಾಗ ಹಿಂದಿ ಮತ್ತು ಮರಾಠಿ. ಕನ್ನಡ ಕೇಳಿದ್ರೆ ತಿಳೀತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರ್ತಿತ್ತು. ಈಗ ರಾತ್ರಿ ಅಜ್ಜಿ ಪಕ್ಕ ಚಾಪೆ ಮೇಲೆ ಕೂತಿರ್ತಾಳೆ. ಮೊನ್ನೆ ಕ್ವಿಜ್‌ನಲ್ಲಿ ಯಾವುದೋ ಪ್ರಶ್ನೆಗೆ ಇಬ್ಬರೂ ಒಟ್ಟಿಗೆ ಕೂಗಿದ್ರು. ಉತ್ತರ ತಪ್ಪಿತ್ತು. ಅವ್ವ ಕೆಮ್ಮಿದ ಹಾಗೆ ಮಾಡಿದ್ಲು.

ಸರಿ, ಮುಗಿಸ್ತೀನಿ. ಟಿವಿ ಕೊಳ್ಳೋ ಮುಂಚೆ ಒಂದು ಕಾಗದ ತಗೊಂಡು ನಾಲ್ಕು ಪ್ರಶ್ನೆಗೆ ಉತ್ತರ ಬರೀರಿ. ಹಗಲು ಹೊತ್ತು ಮನೆಯಲ್ಲಿ ಯಾರಿರ್ತಾರೆ? ಅವರು ಎಲ್ಲಿ ಕೂರ್ತಾರೆ? ಯಾವ ಭಾಷೆಯಲ್ಲಿ ಏನು ನೋಡ್ತಾರೆ? ಅವರ ಕಣ್ಣು, ಕಿವಿ ಹೇಗಿದೆ? ಇದು ಗೊತ್ತಾದ್ರೆ ಇಂಚು, ಪ್ಯಾನೆಲ್, ಬೆಲೆ ತಾನಾಗಿ ಗೊತ್ತಾಗುತ್ತೆ. ಉತ್ತರ ನೀವೇ ಬರೀಬೇಡಿ, ಅವರನ್ನ ಕೇಳಿ ಬರೀರಿ. ಕೇಳೋವಾಗ ಲ್ಯಾಪ್‌ಟಾಪ್ ಮುಚ್ಚಿಡ್ರಿ.